ಗಾಳಿ ನೋಡಿ ಕೂರುತ್ತಿದ್ದವರು

ಅವರು ತಾರಸಿಗೆ ಬಂದರೆ ಮೊದಲು ನೋಡುತ್ತಿದ್ದದ್ದು ತಂತಿಯ ಮೇಲೆ ಒಣಗಲು ಹಾಕಿದ ಬಟ್ಟೆಗಳನ್ನು. ಸೀರೆಯ ಸೆರಗು ಯಾವ ಕಡೆಗೆ ಹಾರುತ್ತಿದೆ ಎಂದು ಒಂದು ಕ್ಷಣ ನಿಂತು ನೋಡಿ, ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ಅದೇ ಕಡೆಗೆ ಹೋಗಿ ಕೂರುತ್ತಿದ್ದರು. ಗಾಳಿ ನಮ್ಮಿಂದ ಅವರ ಕಡೆಗೆ ಬೀಸಬೇಕು, ಅವರಿಂದ ನಮ್ಮ ಕಡೆಗೆ ಬೀಸಬಾರದು. ಮಾತಿನ ಮಧ್ಯೆ ಗಾಳಿ ತಿರುಗಿದರೆ ಅವರ ಕುರ್ಚಿಯೂ ತಿರುಗುತ್ತಿತ್ತು. ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಹೊಸದಾಗಿ ನೋಡಿದವರಿಗೆ ಇದೇನೋ ಬಿಸಿಲಿಗೆ ಜರುಗುತ್ತಿದ್ದಾರೆ ಅನ್ನಿಸಬೇಕು, ಅಷ್ಟು ಸಹಜವಾಗಿತ್ತು.

ಮತ್ತಿಕೆರೆಯ ನಮ್ಮ ಮನೆಯ ಮೇಲಿನ ಅಂತಸ್ತಿನಲ್ಲಿ ಅವರು ಹನ್ನೆರಡು ವರ್ಷ ಬಾಡಿಗೆಗೆ ಇದ್ದರು. ಈ ವರ್ಷ ಯುಗಾದಿ ಕಳೆದು ಮೂರು ವಾರದ ಮೇಲೆ ತೀರಿಕೊಂಡರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಹೆಸರು ಬರೆಯುವುದಿಲ್ಲ. "ಕಾಯಿಲೆ ವಿಷಯ ಯಾರಿಗ್ ಬೇಕಾದ್ರೂ ಹೇಳಿ, ನನ್ನ ಹೆಸರು ಬೇಡ. ತಮ್ಮನ ಹೆಣ್ಣುಮಕ್ಕಳು ಮದುವೆಗಿದ್ದಾರೆ" ಎಂದು ಅವರೇ ಹೇಳಿದ್ದರು. ಅವರ ಮೈಯಿಂದ ಮೀನಿನ ವಾಸನೆ ಬರುತ್ತಿತ್ತು. ಇದನ್ನು ಹೀಗೆ ನೇರವಾಗಿ ಬರೆಯಲು ನನಗೆ ಕಷ್ಟವಾಗುತ್ತಿದೆ. ಹೇಳಲು ಅವರಿಗೆ ಕಷ್ಟವಾಗುತ್ತಿರಲಿಲ್ಲ. ಕೊನೆಯ ವರ್ಷಗಳಲ್ಲಂತೂ ಸಕ್ಕರೆ ಕಾಯಿಲೆ ಇದೆ ಎಂದು ಹೇಳುವವರಂತೆ ಹೇಳಿಬಿಡುತ್ತಿದ್ದರು.

ಮೊದಲು ಹಾಗಿರಲಿಲ್ಲ. ನಮ್ಮದು ಮೀನು ಮಾಂಸ ತಿನ್ನದ ಮನೆ. ನಮ್ಮ ಅತ್ತೆ ಟು-ಲೆಟ್ ಬೋರ್ಡಿನ ಕೆಳಗೆ ಸಸ್ಯಾಹಾರಿಗಳಿಗೆ ಮಾತ್ರ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಅಕ್ಕನೂ ಸಸ್ಯಾಹಾರಿಯೇ. ಒಬ್ಬರೇ ಇರುತ್ತಾರೆ, ಯಶವಂತಪುರದಲ್ಲಿ ಕೆಲಸ, ಗಲಾಟೆ ಇಲ್ಲ ಎಂದು ಅತ್ತೆ ಖುಷಿಯಾಗಿಯೇ ಮನೆ ಕೊಟ್ಟರು. ಹತ್ತು ದಿನವಾಗುವಷ್ಟರಲ್ಲಿ ಮೆಟ್ಟಿಲ ಬಳಿ ವಾಸನೆ ಶುರುವಾಯಿತು. ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ. ಅತ್ತೆ ಮೂಗಿಗೆ ಸೆರಗು ಹಿಡಿದು ಒಂದು ವಾರ ತಡೆದುಕೊಂಡರು. ಆಮೇಲೆ ಕಸದ ಗಾಡಿ ಬರುವ ಮೊದಲು, ಅಕ್ಕ ಕೆಳಗೆ ತಂದಿಟ್ಟ ಕಸದ ಬುಟ್ಟಿಯನ್ನು ಕಡ್ಡಿಯಿಂದ ಕೆದಕಿ ನೋಡಿದರು. ಹೀರೆಕಾಯಿ ಸಿಪ್ಪೆ, ಕಾಫಿ ಗಸಿ, ಕೊತ್ತಂಬರಿ ಬೇರು. ಮೀನಿನ ಮುಳ್ಳು ಸಿಗಲಿಲ್ಲ. ಸಿಗದಿದ್ದದ್ದಕ್ಕೆ ಅತ್ತೆಗೆ ಇನ್ನೂ ಸಿಟ್ಟು ಬಂತು. ಇವಳು ಭಲೇ ಹುಷಾರಿ, ಕಸವನ್ನು ಬೇರೆ ಕಡೆ ಎಸೆದು ಬರುತ್ತಾಳೆ ಎಂದುಕೊಂಡು ನನ್ನನ್ನೂ ಕರೆದುಕೊಂಡು ಮೇಲೆ ಹೋದರು.

"ನೋಡಮ್ಮಾ, ಮೊದಲೇ ಹೇಳಿದ್ವಿ. ಮೀನು ಗೀನು ಮಾಡೋ ಹಾಗಿಲ್ಲ ಇಲ್ಲಿ."

ಅಕ್ಕ ಬಾಗಿಲನ್ನು ಪೂರ್ತಿ ತೆರೆದರು. ಅತ್ತೆ ಕೇಳದೇ ಇದ್ದರೂ ಅಡುಗೆಮನೆಗೆ ಕರೆದುಕೊಂಡು ಹೋಗಿ ಒಂದೊಂದೇ ಡಬ್ಬದ ಮುಚ್ಚಳ ತೆಗೆದು ತೋರಿಸಿದರು. ಫ್ರಿಜ್ ತೆರೆದರು. ಸಿಂಕಿನ ಕೆಳಗಿನ ಬಾಗಿಲನ್ನೂ ತೆರೆದರು. ಎಲ್ಲ ಎಷ್ಟು ಕ್ರಮವಾಗಿ ಮಾಡಿದರೆಂದರೆ, ಇದನ್ನು ಅವರು ಹಿಂದೆಯೂ ಮಾಡಿದ್ದಾರೆ ಎಂದು ನನಗೆ ತಿಳಿದುಹೋಯಿತು. ಕೊನೆಗೆ ಕೈ ಒರೆಸಿಕೊಂಡು ನಿಂತರು.

"ಮೀನಲ್ಲ ಅಮ್ಮಾ. ಅದು ನಾನೇ. ನನ್ನ ಮೈನೇ ಹಾಗೆ. ಹತ್ತು ಮನೆ ಆಗಿದೆ, ಇದು ಹನ್ನೊಂದನೇದು. ಒಂದು ತಿಂಗಳು ಟೈಮ್ ಕೊಡಿ, ಬೇರೆ ಕಡೆ ನೋಡ್ಕೋತೀನಿ."

ಅತ್ತೆ ಇಳಿದು ಬಂದರು. ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಸಂಜೆ ನನ್ನ ಹತ್ತಿರ, "ಡಬ್ಬ ಎಲ್ಲಾ ತೆಗೆದು ತೋರ್ಸಿದ್ಲು ಕಣೆ. ನಾನು ಕೇಳಿರ್ಲೇ ಇಲ್ಲ" ಎಂದರು. ತಿಂಗಳು ಕಳೆಯಿತು, ಎರಡಾಯಿತು. ಮನೆ ಖಾಲಿ ಮಾಡುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಆದರೆ ಅಕ್ಕ ಎರಡು ಮೂಟೆ ಸಾಮಾನನ್ನು ಬಿಚ್ಚದೆ ಹಾಗೆಯೇ ಗೋಡೆಗೆ ಒರಗಿಸಿ ಇಟ್ಟುಕೊಂಡಿದ್ದರು.

ನಾನೇನೂ ಅತ್ತೆಗಿಂತ ದೊಡ್ಡ ಮನಸ್ಸಿನವಳಾಗಿರಲಿಲ್ಲ. ಆ ವರ್ಷ ಗೌರಿ ಹಬ್ಬಕ್ಕೆ ಬೀದಿಯ ಹೆಂಗಸರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆದೆ. ಅವರನ್ನು ಕರೆಯಲು ಮೆಟ್ಟಿಲು ಹತ್ತಿ, ಅರ್ಧಕ್ಕೆ ನಿಂತು, ಇಳಿದು ಬಂದೆ. ಮಾರನೆಯ ದಿನ ಅವರು ಎಂದಿನಂತೆಯೇ ಮಾತನಾಡಿಸಿದರು. ಅವರಿಗೆ ತಮ್ಮ ವಾಸನೆ ತಮಗೆ ತಿಳಿಯುತ್ತಿರಲಿಲ್ಲ. "ನಂಗೆ ಬರಲ್ಲ ಕಣ್ರೀ. ನಾನು ಎದುರಿಗಿರೋರ ಮೂಗು ನೋಡಿ ತಿಳ್ಕೋತೀನಿ" ಎನ್ನುತ್ತಿದ್ದರು. ನಾನು ಅರ್ಧ ಮೆಟ್ಟಿಲಿನಿಂದ ಇಳಿದದ್ದೂ ಅವರಿಗೆ ತಿಳಿದಿತ್ತು. ಅದನ್ನು ಎಷ್ಟೋ ವರ್ಷಗಳ ಮೇಲೆ, ನಗುತ್ತಾ, ಬೇರೆ ಏನೋ ಹೇಳುವಾಗ ಹೇಳಿದರು.

ಚಳಿಗಾಲ ಬಂತು. ಅವರೆಕಾಯಿ ಕಾಲ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲು ಅತ್ತೆಗೆ ಬರುವುದಿಲ್ಲ. ಅವರಿಗೆ ಬರುವುದು ಅಡುಗೆ. ಸೊಗಡಿರುವ ಕಾಯಿಯನ್ನು ಆರಿಸಿ ತಂದು, ಬಿಡಿಸಿ, ನೆನೆಸಿ, ಹಿತಕಿ, ಬೇಳೆ ಸಾರು ಮಾಡಿ ಒಂದು ಸ್ಟೀಲ್ ಡಬ್ಬದಲ್ಲಿ ತುಂಬಿ ನನ್ನ ಕೈಯಲ್ಲಿ ಮೇಲೆ ಕಳಿಸಿದರು. ಮಾರನೆಯ ದಿನ ಅವರೆಕಾಳು ಉಪ್ಪಿಟ್ಟು. ಅದರ ಮಾರನೆಯ ದಿನ ಅವರೆಕಾಳು ಹಾಕಿದ ಅಕ್ಕಿ ರೊಟ್ಟಿ. ಅಕ್ಕ ಡಬ್ಬವನ್ನು ತೊಳೆದು, ಅದರಲ್ಲಿ ಎರಡು ಬಾಳೆಹಣ್ಣೋ ಒಂದು ಹಿಡಿ ಸಕ್ಕರೆಯೋ ಹಾಕಿ ವಾಪಸ್ ಕೊಡುತ್ತಿದ್ದರು. ಖಾಲಿ ಡಬ್ಬ ಎಂದೂ ಕೊಟ್ಟವರಲ್ಲ.

ಆ ತಿಂಗಳು ವಾಸನೆ ವಿಪರೀತವಾಯಿತು. ಮೆಟ್ಟಿಲಲ್ಲಿದ್ದದ್ದು ನಮ್ಮ ಹಾಲಿಗೂ ಬಂತು. ಅತ್ತೆ ಯೋಚನೆ ಮಾಡಿದರು. ಪಾಪ, ಒಂಟಿ ಹೆಂಗಸು, ಹೊಟ್ಟೆಗೆ ಸರಿಯಾಗಿ ಬೀಳದೆ ಮೈ ಹೀಗಾಗಿದೆ ಎಂದು ತೀರ್ಮಾನಿಸಿ ಡಬ್ಬ ದೊಡ್ಡದು ಮಾಡಿದರು. ಅಕ್ಕ ಒಂದು ದಿನವೂ ಬೇಡ ಎನ್ನಲಿಲ್ಲ. ಸಂಕ್ರಾಂತಿ ಕಳೆಯುವ ಹೊತ್ತಿಗೆ ಆಫೀಸಿನಲ್ಲಿ ಪಕ್ಕದ ಮೇಜಿನವರು ದೂರು ಕೊಟ್ಟು, ಸ್ವಲ್ಪ ದಿನ ರಜೆ ತೆಗೆದುಕೊಳ್ಳಿ ಎಂದು ಮೇಲಿನವರು ಕಳಿಸಿಬಿಟ್ಟರು.

ಅವರು ನೋಡದ ಡಾಕ್ಟರಿರಲಿಲ್ಲ. ಹಲ್ಲಿನವರು ಹಲ್ಲು ತೊಳೆದಿದ್ದರು, ಚರ್ಮದವರು ಮುಲಾಮು ಕೊಟ್ಟಿದ್ದರು, ಒಬ್ಬರು ಇದೆಲ್ಲ ನಿಮ್ಮ ಮನಸ್ಸಿನ ಭ್ರಮೆ ಎಂದು ನಿದ್ದೆ ಮಾತ್ರೆ ಬರೆದಿದ್ದರು. ಈ ಸಲ ದೊಡ್ಡ ಆಸ್ಪತ್ರೆಯೊಂದರಲ್ಲಿ ಸಿಕ್ಕಿದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಆಕೆ ಮೂಗು ಮುಚ್ಚಿಕೊಳ್ಳದೆ, ಯಾವಾಗ ಹೆಚ್ಚಾಯಿತು, ಈ ತಿಂಗಳು ಏನೇನು ತಿಂದಿರಿ ಎಂದು ಕೇಳಿದರಂತೆ. ಅಕ್ಕ ಹೇಳಿದ ಪಟ್ಟಿಯಲ್ಲಿ ಅವರೆಕಾಯಿ ಬಿಟ್ಟು ಬೇರೇನೂ ಇರಲಿಲ್ಲ. ಮೂತ್ರವನ್ನು ಎಲ್ಲಿಗೋ ಕಳಿಸಿ ಪರೀಕ್ಷೆ ಮಾಡಿಸಿದರು. ಕಾಯಿಲೆಯ ಹೆಸರು ಟ್ರೈಮಿಥೈಲಮಿನೂರಿಯಾ. ಹುಟ್ಟಿನಿಂದಲೇ ಬರುವುದು, ಬಹಳ ಅಪರೂಪ. ತಂದೆ ತಾಯಿ ಇಬ್ಬರ ಕಡೆಯಿಂದಲೂ ಆ ದೋಷ ಬಂದು ಸೇರಿದರೆ ಮಾತ್ರ ಕಾಣಿಸಿಕೊಳ್ಳುತ್ತದೆ. ಅಕ್ಕನ ತಂದೆ ತಾಯಿ ಸೋದರ ಸಂಬಂಧದಲ್ಲೇ ಮದುವೆಯಾದವರು. ಕೆಲವು ಆಹಾರ ಹೊಟ್ಟೆಯಲ್ಲಿ ಕರಗುವಾಗ ಮೀನಿನ ವಾಸನೆಯ ಒಂದು ವಸ್ತು ಹುಟ್ಟುತ್ತದಂತೆ. ಎಲ್ಲರ ಲಿವರ್ ಅದನ್ನು ವಾಸನೆಯಿಲ್ಲದಂತೆ ಮಾಡಿ ಕಳಿಸುತ್ತದೆ. ಇವರ ಲಿವರಿಗೆ ಆ ಕೆಲಸ ಬರುವುದಿಲ್ಲ. ಅದು ಬೆವರಿನಲ್ಲಿ, ಉಸಿರಿನಲ್ಲಿ ಹಾಗೆಯೇ ಹೊರಗೆ ಬರುತ್ತದೆ. "ಎಲ್ಲರ ಒಳಗೂ ಒಬ್ಬ ಕಸ ಗುಡಿಸೋನು ಇರ್ತಾನೆ. ನನ್ನೋನು ಹುಟ್ಟಿದಾಗ್ಲಿಂದ ರಜೆ ಮೇಲಿದ್ದಾನೆ" ಎಂದು ನನಗೆ ಬಿಡಿಸಿ ಹೇಳಿದರು.

ವಾಸಿಯಾಗುವ ಕಾಯಿಲೆಯಲ್ಲ. ಆದರೆ ತಿನ್ನಬಾರದ್ದನ್ನು ಬಿಟ್ಟರೆ, ಹೇಳಿದ ಸೋಪು ಹಾಕಿದರೆ, ಬಹಳಷ್ಟು ಕಡಿಮೆಯಾಗುತ್ತದೆ. ಆಸ್ಪತ್ರೆಯಿಂದ ಬರುವಾಗ ಅಕ್ಕ ಒಂದು ಕೆ.ಜಿ. ಕೊಬ್ಬರಿ ಮಿಠಾಯಿ ತಂದು ಬೀದಿಗೆಲ್ಲ ಹಂಚಿದರು. ತನಗೆ ಕಾಯಿಲೆ ಇದೆ ಎಂದು ಸಿಹಿ ಹಂಚಿದವರನ್ನು ನಾನು ಬೇರೆ ಯಾರನ್ನೂ ನೋಡಿಲ್ಲ. ಯಾಕೆ ಸ್ವೀಟು ಎಂದು ಕೇಳಿದವರಿಗೆ, ರಿಸಲ್ಟು ಬಂತು ಎಂದಷ್ಟೇ ಹೇಳಿದರು.

ತಿನ್ನಬಾರದ್ದರ ಚೀಟಿಯನ್ನು ಮೆಟ್ಟಿಲ ಮೇಲೆ ನನಗೆ ತೋರಿಸಿದರು. ಹೂಕೋಸು, ಎಲೆಕೋಸು, ಕಡಲೆಕಾಯಿ, ಕಾಳುಗಳು. ಅವರೆಯ ಕೆಳಗೆ ಡಾಕ್ಟರಮ್ಮ ಎರಡು ಗೆರೆ ಎಳೆದಿದ್ದರು. ನಿಮ್ಮತ್ತೆಗೆ ಮಾತ್ರ ಹೇಳಬೇಡಿ, ನೊಂದುಕೊಳ್ಳುತ್ತಾರೆ ಎಂದು ಕೇಳಿಕೊಂಡರು. ನಾನು ಅದೇ ಸಂಜೆ ಹೇಳಿದೆ. ಹೇಳದೆ ಹೇಗಿರಲಿ, ಒಲೆಯ ಮೇಲೆ ಮತ್ತೆ ಅವರೆಕಾಳು ಬೇಯುತ್ತಿತ್ತು.

ಅತ್ತೆ ಸೌಟು ಕೆಳಗಿಟ್ಟು ಸೀದಾ ಮೇಲೆ ಹೋದರು. "ಒಂದು ತಿಂಗಳಿಂದ ವಿಷ ಇಕ್ಕಿದ್ನಲ್ಲೇ ನಿಂಗೆ. ಬಾಯಲ್ಲಿ ನಾಲಿಗೆ ಇರ್ಲಿಲ್ವಾ, ಬೇಡ ಅನ್ನೋಕೆ?"

"ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ ಅಮ್ಮಾ. ವಾಸನೆ ಗೊತ್ತಿದ್ದೂ ನಂಗೆ ಊಟ ಕಳ್ಸಿದ್ದು ನೀವೊಬ್ರೇ. ನಿಮ್ಮ ಸಾರು ತಿನ್ದೇ ಇದ್ದಿದ್ರೆ ಈ ಕಾಯಿಲೆ ಹೆಸರು ಸಾಯೋವರೆಗೂ ಗೊತ್ತಾಗ್ತಿರ್ಲಿಲ್ಲ."

ಅತ್ತೆ ಅಲ್ಲಿಯೇ ನೆಲದ ಮೇಲೆ ಕೂತು ಆ ಚೀಟಿಯನ್ನು ಪೂರ್ತಿ ಓದಿಸಿಕೊಂಡರು. ಆಮೇಲೆ ಗೋಡೆಗೆ ಒರಗಿಸಿದ್ದ ಎರಡು ಮೂಟೆಗಳನ್ನು ತೋರಿಸಿ, ಇದೇನು ಇನ್ನೂ ಹೀಗೇ ಇದೆ, ಬಿಚ್ಚು ಎಂದರು. ನಾವು ಮೂವರೂ ಸೇರಿ ಬಿಚ್ಚಿದೆವು. ಒಂದರಲ್ಲಿ ಪಾತ್ರೆ, ಇನ್ನೊಂದರಲ್ಲಿ ಅವರ ತಾಯಿಯ ಸೀರೆಗಳು.

ತಾಯಿಯ ವಿಷಯ ಬಂದರೆ ಮಾತ್ರ ಅವರ ನಗು ಸ್ವಲ್ಪ ಹಿಂದೆ ಸರಿಯುತ್ತಿತ್ತು. ಶಾಲೆಯಲ್ಲಿ ಮೇಷ್ಟರು ಕರೆಸಿ, ಮಗುವಿಗೆ ಸರಿಯಾಗಿ ಸ್ನಾನ ಮಾಡಿಸಿ ಕಳಿಸಿ ಎಂದು ಎಲ್ಲರೆದುರು ಹೇಳಿದ್ದರಂತೆ. ಅಂದಿನಿಂದ ತಾಯಿ ದಿನಕ್ಕೆ ಎರಡು ಹೊತ್ತು ಸೀಗೆಕಾಯಿ, ಕಡಲೆಹಿಟ್ಟು ಹಾಕಿ ಚರ್ಮ ಕೆಂಪಾಗುವವರೆಗೆ ಉಜ್ಜುತ್ತಿದ್ದರು. ಉಜ್ಜುತ್ತಾ ಉಜ್ಜುತ್ತಾ ತಾವೇ ಅಳುತ್ತಿದ್ದರು. ನನ್ನ ಕೈಯಲ್ಲಿ ಒಂದು ಮಗುವನ್ನು ಶುದ್ಧವಾಗಿ ಇಡಲು ಆಗಲಿಲ್ಲ ಎಂದುಕೊಂಡೇ ಆಕೆ ಸತ್ತರು. "ಅಮ್ಮಂಗೆ ಒಂದು ಹೇಳ್ಬೇಕಿತ್ತು, ನಿಂದೇನೂ ತಪ್ಪಿಲ್ಲ ಅಂತ. ಅದೊಂದು ಬಾಕಿ" ಎಂದು ಒಮ್ಮೆ ಹೇಳಿದರು. ತಾಯಿಯ ಸೀರೆಗಳನ್ನು ಅವರು ಉಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಮಡಚಿ ಇಡುತ್ತಿದ್ದರು.

ಅವರ ಕೆಲಸ ಮಿಕ್ಸಿ, ಗ್ರೈಂಡರ್ ಮಾಡುವ ಕಂಪನಿಯೊಂದರಲ್ಲಿ ಫೋನಿನ ಮೇಲೆ ದೂರು ಕೇಳುವುದು. ಬಸ್ಸಿನ ನೂಕುನುಗ್ಗಲು ಬೇಡವೆಂದು ಯಶವಂತಪುರಕ್ಕೆ ನಡೆದೇ ಹೋಗುತ್ತಿದ್ದರು, ನಡೆದೇ ಬರುತ್ತಿದ್ದರು. ಕೊರೋನಾ ಬಂದ ಮೇಲೆ ಆ ಕೆಲಸ ಮನೆಗೇ ಬಂತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಿಟಕಿಯ ಪಕ್ಕ ಕೂರುತ್ತಿದ್ದರು. ಎಷ್ಟು ಒಳ್ಳೆಯ ದನಿ ಎಂದರೆ, ರೇಗುತ್ತಾ ಫೋನು ಮಾಡಿದವರು ಎರಡು ನಿಮಿಷದಲ್ಲಿ ಇಡ್ಲಿಗೆ ಎಷ್ಟು ಉದ್ದು ಹಾಕಬೇಕು ಎಂದು ಕೇಳುತ್ತಿದ್ದರು. ದಾವಣಗೆರೆಯ ಒಬ್ಬಾಕೆ ಮಿಕ್ಸಿ ಜಾರು ತಿರುಗುವುದಿಲ್ಲ ಎಂದು ಬೈಯಲು ಶುರುಮಾಡಿ, ಮಗಳ ಮದುವೆಗೆ ಬರಲೇಬೇಕು ಎಂದು ಕರೆದು ಫೋನು ಇಟ್ಟಳು. ಹೋಗ್ತೀರಾ ಅಕ್ಕ ಎಂದು ಕೇಳಿದೆ.

"ಹೋಗ್ಬಾರ್ದು. ಫೋನಲ್ಲಿ ನಾನು ಮಲ್ಲಿಗೆ ಕಣ್ರೀ. ಹಾಗೇ ಇರ್ಲಿ."

ಅದೇ ಕೊರೋನಾದ ಎರಡನೆಯ ವರ್ಷ ನಮ್ಮ ಮನೆಯಲ್ಲಿ ಎಲ್ಲರೂ ಮಲಗಿದೆವು. ಇಪ್ಪತ್ತು ದಿನ ಅಕ್ಕ ಗಂಜಿ, ಸಾರು, ಬಿಸಿನೀರು ಮಾಡಿ ನಮ್ಮ ಬಾಗಿಲಿಗೆ ತಂದಿಟ್ಟರು. ಎದ್ದ ಮೇಲೆ ನೋಡಿದರೆ ಅತ್ತೆಗೆ ಮೂಗಿನ ಶಕ್ತಿಯೇ ಹೋಗಿತ್ತು. ಇಂಗು ತಿಳಿಯದು, ಕರ್ಪೂರ ತಿಳಿಯದು. ಅಕ್ಕ ಎಂದಿನಂತೆ ಹೊಸ್ತಿಲ ಹೊರಗೆ ನಿಂತು ವಿಚಾರಿಸಿದಾಗ ಅತ್ತೆ, "ನಂಗೀಗ ಮೂಗೇ ಇಲ್ಲ ಕಣೆ, ಬಾ, ಪಕ್ಕದಲ್ಲಿ ಕೂತ್ಕೋ" ಎಂದು ದಿವಾನದ ಮೇಲೆ ಕೈ ತಟ್ಟಿದರು. ಅಂದಿನಿಂದ ಸಂಜೆಯ ಧಾರಾವಾಹಿಯನ್ನು ಇಬ್ಬರೂ ಒಂದೇ ದಿವಾನದ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತು ನೋಡತೊಡಗಿದರು. ಸೊಸೆಯನ್ನು ಗೋಳಾಡಿಸುವ ಅತ್ತೆ ಬಂದಾಗಲೆಲ್ಲ ಅಕ್ಕ ನಮ್ಮತ್ತೆಯ ಕಡೆ ನೋಡುತ್ತಿದ್ದರು. ಅತ್ತೆ ಅವರ ತೊಡೆಗೆ ಒಂದು ಏಟು ಕೊಡುತ್ತಿದ್ದರು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅತ್ತೆ ಹಾಲಿನಿಂದಲೇ, ಒಗ್ಗರಣೆ ಸೀಯುತ್ತಿದೆ ನೋಡು ಎಂದರು. ನಾನು ಹೋಗಿ, ಮೂಗು ಬಂತಾ ಅತ್ತೆ ಎಂದು ಕೇಳಿದೆ.

"ಬಂದು ಹದಿನೈದು ದಿನ ಆಯ್ತು. ಅವಳಿಗೆ ಹೇಳ್ಬೇಡ."

ಒಂದು ವಾರ ಕಳೆದು ತಾರಸಿಯಲ್ಲಿ ಬಟ್ಟೆ ತೆಗೆಯುವಾಗ ಅಕ್ಕ ನನ್ನ ಹತ್ತಿರ ಬಂದು, "ನಿಮ್ಮತ್ತೆಗೆ ಮೂಗು ವಾಪಸ್ ಬಂದಿದೆ. ಮೊನ್ನೆ ಗ್ಯಾಸ್ ಲೀಕ್ ಆದಾಗ ನಿಮಗಿಂತ ಮುಂಚೆ ಅವರಿಗೇ ಗೊತ್ತಾಯ್ತು. ನಂಗೆ ಗೊತ್ತು ಅಂತ ಅವರಿಗೆ ಹೇಳ್ಬೇಡಿ" ಎಂದರು. ಇಬ್ಬರ ಗುಟ್ಟನ್ನೂ ಇಟ್ಟುಕೊಂಡು ನಾನು ನಾಲ್ಕು ವರ್ಷ ಆ ದಿವಾನದ ಎದುರು ಕೂತು ತರಕಾರಿ ಹೆಚ್ಚಿದೆ. ಆ ನಾಲ್ಕು ವರ್ಷ ನಮ್ಮ ಮನೆಯಲ್ಲಿ ಬಹಳ ಚೆನ್ನಾಗಿತ್ತು. ಅವರ ಬಗ್ಗೆ ಮುಖ್ಯವಾಗಿ ಇದನ್ನೇ ಹೇಳಬೇಕು ಅನ್ನಿಸುತ್ತದೆ.

ಹೋದ ವರ್ಷ ದೀಪಾವಳಿಯ ಹೊತ್ತಿಗೆ ಅವರ ಕಾಲು ಊದತೊಡಗಿತು. ಮೆಟ್ಟಿಲು ಹತ್ತಿದರೆ ಉಸಿರು ಹಿಡಿಯುತ್ತಿತ್ತು. ಡಾಕ್ಟರು ಹೃದಯ ಸೋತಿದೆ ಎಂದರು. ಮೊದಲಿನ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲವಂತೆ. ಎರಡು ಸಲ ಆಸ್ಪತ್ರೆ ಸೇರಿ ಬಂದರು. ಮೂರನೆಯ ಸಲ, ಮನೆಯಲ್ಲೇ ಇರಲಿ, ಮಾತ್ರೆ ಕೊಡಿ ಎಂದು ಕಳಿಸಿದರು. ಮನೆಗೆ ಬಂದ ಮಾರನೆಯ ದಿನ ನಾನು ಮೇಲೆ ಹೋದರೆ, ಅಕ್ಕ ಮಂಚದ ಮೇಲೆ ಕೂತು ಬಟ್ಟೆಗಳನ್ನು ಬ್ಯಾಗಿಗೆ ತುಂಬುತ್ತಿದ್ದರು. ಮಾಕಳಿಯಲ್ಲಿರುವ ತಮ್ಮನಿಗೆ ಫೋನು ಮಾಡಿ, ಕೊನೆಗಾಲಕ್ಕೆ ಒಂದು ಮೂಲೆ ಕೊಡು ಎಂದು ಕೇಳಿದ್ದರು. ಅವನು, ಹೆಂಡತಿಯನ್ನು ಕೇಳಿ ಹೇಳುತ್ತೇನೆ ಎಂದಿದ್ದ.

ನಾನು ಅತ್ತೆಯನ್ನು ಕರೆದೆ. ಎಪ್ಪತ್ತೆಂಟು ವರ್ಷದ ಅವರು ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಅಕ್ಕ ಮೆಲ್ಲಗೆ ವಿವರಿಸಿದರು. ಬಾಡಿಗೆ ಮನೆಯಲ್ಲಿ ಸಾಯಬಾರದು. ಧನಿಷ್ಠಾ ಪಂಚಕದ ಐದು ನಕ್ಷತ್ರಗಳಲ್ಲಿ ಒಂದರಲ್ಲಿ ಜೀವ ಹೋದರೆ ಆ ಮನೆಗೆ ತಿಂಗಳುಗಟ್ಟಲೆ ಬೀಗ ಹಾಕಬೇಕು, ಯಾರೂ ಇರುವ ಹಾಗಿಲ್ಲ. ನಮ್ಮ ಕಡೆ ಅದನ್ನು ನಂಬುತ್ತಾರೆ, ಅತ್ತೆಯೂ ನಂಬುತ್ತಾರೆ. ಇದೇ ಭಯಕ್ಕೆ ಕಾಯಿಲೆಯವರನ್ನು ಮೊದಲೇ ಖಾಲಿ ಮಾಡಿಸುವ ಮನೆ ಮಾಲೀಕರಿದ್ದಾರೆ. ಇಷ್ಟು ವರ್ಷ ನೋಡಿಕೊಂಡವರಿಗೆ ನನ್ನಿಂದ ಅದೊಂದು ಆಗಬಾರದು ಎಂದರು ಅಕ್ಕ.

ಅತ್ತೆ ಕೇಳಿಸಿಕೊಂಡು, ಬ್ಯಾಗಿನಿಂದ ಸೀರೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಬೀರುವಿನಲ್ಲಿಟ್ಟರು.

"ಹತ್ತು ಮನೆಯವರು ಖಾಲಿ ಮಾಡು ಅಂದ್ರು, ನೀನು ಮಾಡಿದೆ. ನಾನು ಅನ್ಲಿಲ್ಲ. ಅನ್ದೆ ಇದ್ರೂ ನೀನು ಹೋದ್ರೆ ನನ್ನ ಮಾನ ಏನಾಗ್ಬೇಕು?"

ಸ್ವಲ್ಪ ಹೊತ್ತಿನ ಮೇಲೆ ಅಕ್ಕ ತಮ್ಮನಿಗೆ ತಾವೇ ಫೋನು ಮಾಡಿ, ಬೇಡ ಕಣೋ, ನಾನಿಲ್ಲೇ ಇರ್ತೀನಿ ಎಂದರು. ಆ ದನಿಯಲ್ಲಿ ಒಂದು ಚೂರು ಜಂಬವಿತ್ತು. ತವರಿನವರ ಮುಂದೆ ಹೆಣ್ಣುಮಕ್ಕಳು ತಮ್ಮ ಮನೆಯ ಬಗ್ಗೆ ಹೇಳುವಾಗ ಇರುವಂಥದ್ದು.

ನಾಲ್ಕು ತಿಂಗಳು ಇದ್ದರು. ಒಂದು ಬೆಳಿಗ್ಗೆ ಹತ್ತು ಗಂಟೆಗೆ ನಾನು ಗಂಜಿ ತೆಗೆದುಕೊಂಡು ಹೋದಾಗ ದಿಂಬಿಗೆ ಒರಗಿ, ಕಿಟಕಿಯ ಕಡೆ ಮುಖ ಮಾಡಿ ಹೋಗಿಬಿಟ್ಟಿದ್ದರು. ಅತ್ತೆ ಬಂದು ಮಂಚದ ಅಂಚಿನಲ್ಲಿ ಕೂತು ಅವರ ತಲೆಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ಬೀದಿಯ ಹೆಂಗಸರು ಬಂದರು. ಯಾರೂ ದೂರ ಕೂರಲಿಲ್ಲ.

ಅಕ್ಕನ ತಮ್ಮ ಮಧ್ಯಾಹ್ನ ಬಂದ. ಪುರೋಹಿತರು ಪಂಚಾಂಗ ನೋಡಿ ಶತಭಿಷಾ ಎಂದರು. ಪಂಚಕವೇ. ಮೇಲಿನ ಮನೆಗೆ ಬೇರೆ ಬಾಗಿಲು, ಬೇರೆ ಮೆಟ್ಟಿಲು ಇರುವುದರಿಂದ ಅಷ್ಟನ್ನು ಆರು ತಿಂಗಳು ಮುಚ್ಚಿದರೆ ಸಾಕು ಎಂದರು. ಅವನು ತಲೆ ತಗ್ಗಿಸಿದ. ಒಳ್ಳೆಯವನೇ, ಹೆದರುವ ಜಾತಿ. ಕಾರ್ಯವೆಲ್ಲ ಮುಗಿದ ದಿನ ಅತ್ತೆಯ ಕಾಲು ಮುಟ್ಟಿ, "ಬದುಕಿದ್ದಾಗಲೂ ತೊಂದರೆ, ಸತ್ತ ಮೇಲೂ ತೊಂದರೆ ಕೊಟ್ಟಳಮ್ಮಾ ನಮ್ಮಕ್ಕ. ಕ್ಷಮಿಸ್ಬೇಕು" ಎಂದ.

ಅತ್ತೆ ಬೀಗ ಹಾಕುತ್ತಿದ್ದರು. ಕೀಲಿ ಒಂದೇ ಸಲಕ್ಕೆ ತಿರುಗಲಿಲ್ಲ. ನಾನು ಹಾಕುತ್ತೇನೆ ಎಂದರೂ ಕೊಡಲಿಲ್ಲ. ಹಾಕಿ, ಎಳೆದು ನೋಡಿ, ಅವನ ಕಡೆ ತಿರುಗಿದರು.

"ಯಾವ ತೊಂದರೆನಪ್ಪಾ? ಇನ್ನಾರು ತಿಂಗಳು ಅವಳನ್ನ ಯಾರೂ ಖಾಲಿ ಮಾಡ್ಸೋ ಹಾಗಿಲ್ಲ."

ಈಗ ನಾಲ್ಕನೆಯ ತಿಂಗಳು. ಕಾಲೇಜು ಶುರುವಾಗಿದೆ, ಹುಡುಗರು ರೂಮು ಹುಡುಕಿಕೊಂಡು ಬೀದಿ ಬೀದಿ ಸುತ್ತುತ್ತಾರೆ. ಮೇಲಿನ ಬೀಗ ನೋಡಿ ಗೇಟಿನ ಹತ್ತಿರ ನಿಂತು, ಆಂಟಿ, ಮೇಲ್ಗಡೆ ಮನೆ ಖಾಲಿ ಇದೆಯಾ ಎಂದು ಕೇಳುತ್ತಾರೆ. ಇಲ್ಲಪ್ಪ, ಜನ ಇದ್ದಾರೆ ಎನ್ನುತ್ತೇನೆ.